ಡ್ರೈವರ್ ಸೀಟಿನಿಂದ ಕಂಡ ಆನೆ

ನಮ್ಮ ಲಾರಿಗೆ ಟಿವಿ ಹಾಕಿಸಿದ್ದು ನಾನೇ. ಅದನ್ನು ಟಿವಿ ಎನ್ನಬಾರದು, ಡಿಸ್‌ಪ್ಲೇ ಎನ್ನಬೇಕು ಎಂದು ಸಕಲೇಶಪುರದ ಅಂಗಡಿಯವನು ಹೇಳಿಕೊಟ್ಟಿದ್ದ. ಲಾರಿಯ ಹಿಂದೆ ಏನಿದೆ ಎಂಬುದು ಕಾಣುತ್ತದೆ, ಮ್ಯಾಪ್ ಕಾಣುತ್ತದೆ, ಫೋನ್ ಜೋಡಿಸಿದರೆ ಫೋನಿನಲ್ಲಿರುವುದೆಲ್ಲ ಕಾಣುತ್ತದೆ ಎಂದ. ಕೊನೆಯ ಮಾತಿಗೆ ನಾನು ಬಿದ್ದುಹೋದೆ.

"ಪಿಕ್ಚರ್ ನೋಡಾಕಾ ಸಾರ್?" ಎಂದು ಕೇಳಿದ.

"ಆನೆ ನೋಡಾಕೆ" ಎಂದೆ.

ಅವನು ತಲೆ ಎತ್ತಿಯೂ ನೋಡಲಿಲ್ಲ, ತಂತಿ ಸುಲಿಯುತ್ತಲೇ ಇದ್ದ. ಯಸಳೂರಿನಿಂದ ಆಲೂರಿನವರೆಗೆ ಜನ ಬೆಳಿಗ್ಗೆ ಎದ್ದು ಕೇಳುವ ಮೊದಲ ಪ್ರಶ್ನೆ "ಎಲ್ಲೈತೆ?" ಎಂದು. ಯಾವುದು ಎಂದು ಯಾರೂ ಕೇಳುವುದಿಲ್ಲ. ಆನೆ ಎಲ್ಲಿದೆ ಎಂದು ತಿಳಿದ ಮೇಲೆಯೇ ಎಸ್ಟೇಟಿನ ಕೆಲಸ, ಶಾಲೆಯ ವ್ಯಾನು, ಲಾರಿ, ಎಲ್ಲವೂ ಹೊರಡುವುದು. ಅದಕ್ಕೆಂದೇ ಊರಿನವರದೊಂದು ವಾಟ್ಸಾಪ್ ಗುಂಪಿದೆ. ಆನೆ ಕಂಡವರು ಫೋಟೋ ಹಾಕುತ್ತಾರೆ, ಕಾಣದವರು ಎಲ್ಲಿಂದಲೋ ಬಂದ ವಿಡಿಯೋ ಹಾಕುತ್ತಾರೆ. ಎರಡನ್ನೂ ಒಂದೇ ಶ್ರದ್ಧೆಯಿಂದ ನಂಬುವ ಸದಸ್ಯ ನಾನು.

ನನಗಿರುವುದು ಸ್ವಲ್ಪ ಕಾಫಿ ತೋಟ, ಒಂದು ಲಾರಿ ಮತ್ತು ಬೇಕಾದಷ್ಟು ಭಯ. ಸುತ್ತಲಿನ ತೋಟಗಳ ಕಾಫಿ ಮೂಟೆಗಳನ್ನು ಹಾಸನದಲ್ಲಿ ಬೀಜದ ಸಿಪ್ಪೆ ತೆಗೆಯುವ ಕ್ಯೂರಿಂಗ್ ವರ್ಕ್ಸಿಗೆ ಸಾಗಿಸುವುದು ಲಾರಿಯ ಕೆಲಸ. ಅದನ್ನು ಓಡಿಸುವವರು ನನಗಿಂತ ಹಿರಿಯರಾದ ಸಕಲೇಶಪುರದ ಒಬ್ಬ ಸಾಹೇಬರು. ನಾನು ಅವರನ್ನು ಭಾಯ್ ಎನ್ನುತ್ತೇನೆ. ಅವರ ಲೈಸೆನ್ಸಿನ ಮೇಲೆ ಇಷ್ಟು ವರ್ಷಗಳಲ್ಲಿ ಒಂದು ಕೇಸೂ ಬಿದ್ದಿರಲಿಲ್ಲ. ಅದನ್ನು ಎರಡು ಪ್ಲಾಸ್ಟಿಕ್ ಕವರಿನೊಳಗೆ ಇಟ್ಟು, ಕವರಿಗೆ ರಬ್ಬರ್ ಬ್ಯಾಂಡ್ ಸುತ್ತಿ, ಎದೆಯ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು.

ಡಿಸ್‌ಪ್ಲೇ ಕಂಡ ದಿನ ಅವರು ಹೇಳಿದ್ದು ಇಷ್ಟೇ: "ಮುಂದಿನ ಗಾಜು ಇದ್ಕಿಂತ ದೊಡ್ಡದೈತಲ್ಲ ಸಾವ್ಕಾರ್ರೆ. ಆನೆ ಬಂದ್ರೆ ಅದ್ರಲ್ಲೇ ಕಾಣ್ತದೆ."

"ಗಾಜಲ್ಲಿ ಕಾಣೋ ಹೊತ್ತಿಗೆ ತಡ ಆಗಿರ್ತದೆ ಭಾಯ್" ಎಂದೆ. ಬಹಳ ಬುದ್ಧಿವಂತಿಕೆಯ ಮಾತು ಎಂದು ಆಗ ಅನ್ನಿಸಿತ್ತು.

ಕಳೆದ ಕೊಯ್ಲಿನ ಸಮಯ. ಮೂಟೆ ತುಂಬಿ ಲಾರಿ ಹೊರಟಿತ್ತು. ಭಯ ಹೆಚ್ಚಾದ ದಿನ ನಾನೂ ಹತ್ತಿಕೊಳ್ಳುತ್ತೇನೆ. ನನ್ನಿಂದ ಲಾರಿಗೆ ಆಗುವ ಉಪಯೋಗ ಒಂದು ಮೂಟೆಯ ತೂಕ ಹೆಚ್ಚಾಗುವುದು ಮಾತ್ರ. ಬಾಳ್ಳುಪೇಟೆ ಹತ್ತಿರವಾಗುವಾಗ ಗುಂಪಿನಲ್ಲಿ ಒಂದು ವಿಡಿಯೋ ಬಂತು. ಬೆಳಗೋಡು ಕಡೆಯ ಸದಸ್ಯರೊಬ್ಬರು ಅದರ ಕೆಳಗೆ "ಈಗ ತಾನೆ, ಹೈವೇ" ಎಂದು ಬರೆದಿದ್ದರು. ಒತ್ತಿದೆ. ಡಿಸ್‌ಪ್ಲೇ ತುಂಬ ಒಂಟಿ ಸಲಗ. ಅದು ಒಂದು ಲಾರಿಯ ಗಾಜಿಗೆ ಹಣೆ ಒತ್ತಿ, ಪಕ್ಕದ ಕಿಟಕಿಯಿಂದ ಸೊಂಡಿಲು ಒಳಗೆ ತೂರಿಸಿ, ಏನನ್ನೋ ಹುಡುಕುತ್ತಿತ್ತು.

"ಆಫ್ ಮಾಡಿ ಸಾವ್ಕಾರ್ರೆ. ಕಣ್ಣು ಅಲ್ಲಿಗೇ ಹೋಗ್ತದೆ."

"ನೀವು ರೋಡ್ ನೋಡಿ ಭಾಯ್. ಆನೆ ನಾನು ನೋಡ್ತೀನಿ."

ಹಾಗೆ ಕೆಲಸ ಹಂಚಿಕೊಂಡು ಎರಡು ತಿರುವು ದಾಟಿದೆವು. ಮೂರನೆಯ ತಿರುವಿನಲ್ಲಿ ಜೀಪು ನಿಂತಿತ್ತು. ಸಾರಿಗೆ ಇಲಾಖೆಯದು. ನಮ್ಮ ಕಡೆ ಅದರಲ್ಲಿರುವ ಅಧಿಕಾರಿಗೆ ಬ್ರೇಕ್ ಇನ್ಸ್‌ಪೆಕ್ಟರ್ ಎನ್ನುತ್ತಾರೆ. ಕೈ ತೋರಿಸಿದರು, ಭಾಯ್ ನಿಲ್ಲಿಸಿದರು. ಗಾಬರಿಯಲ್ಲಿ ನಾನು ವಿಡಿಯೋ ನಿಲ್ಲಿಸಲು ಹೋಗಿ ಸದ್ದು ಹೆಚ್ಚಿಸಿದೆ. ಲಾರಿಯೊಳಗೆ ಆನೆ ಘೀಳಿಟ್ಟಿತು.

ಇನ್ಸ್‌ಪೆಕ್ಟರ್ ಬಾಗಿಲ ಹತ್ತಿರ ಬಂದು ಒಳಗೆ ಇಣುಕಿದರು. "ಏನ್ರೀ ಅದು?"

"ಆನೆ ಸಾರ್" ಎಂದೆ. "ಇಲ್ಲೇ ಮುಂದೆ ಇದೆಯಂತೆ."

ಅವರ ಮುಖ ಬದಲಾಯಿತು. ಅವರೂ ಅದೇ ರಸ್ತೆಯಲ್ಲಿ ವಾಪಸ್ಸು ಹೋಗಬೇಕಾದವರು. "ಸ್ವಲ್ಪ ಇಳೀರಿ ನೀವು" ಎಂದು ಭಾಯಿಯನ್ನು ಇಳಿಸಿ, ತಾವೇ ಡ್ರೈವರ್ ಸೀಟಿನಲ್ಲಿ ಕೂತರು. ವಿಡಿಯೋ ಮೊದಲಿನಿಂದ ಹಾಕಿಸಿದರು. ಜೀಪಿನ ಚಾಲಕನೂ ಫುಟ್‌ಬೋರ್ಡ್ ಮೇಲೆ ಹತ್ತಿ ನಿಂತ. ಇನ್ನೊಂದು ಸಲ ಹಾಕಿ ಎಂದರು. ಹಾಕಿದೆ. ಸೊಂಡಿಲು ಒಳಗೆ ತೂರುವ ಜಾಗದಲ್ಲಿ ಮೂವರೂ ಹಿಂದಕ್ಕೆ ಒರಗಿದೆವು. ನನಗೆ ಒಳಗೊಳಗೇ ಸಮಾಧಾನ. ಜೊತೆಯಲ್ಲಿ ಕೂತು ಸಿನಿಮಾ ನೋಡಿದವರು ಕೇಸ್ ಹಾಕುವುದುಂಟೇ?

ಮೂರನೇ ಸಲಕ್ಕೆ ಇನ್ಸ್‌ಪೆಕ್ಟರ್ ಮುಂದೆ ಬಾಗಿ, ಕನ್ನಡಕ ಮೇಲೇರಿಸಿ, "ಇದು ನಮ್ಮ ರಾಜ್ಯದ್ದೇ ಅಲ್ಲ ಕಣ್ರೀ. ಆ ಲಾರಿ ನಂಬರ್ ಪ್ಲೇಟ್ ನೋಡಿ" ಎಂದರು. ಆನೆಯ ಮೈಮೇಲೆ ಕಣ್ಣಿಟ್ಟ ನಮಗ್ಯಾರಿಗೂ ಅದು ಕಂಡಿರಲಿಲ್ಲ. ಅವರಿಗೆ ಪ್ಲೇಟು ಕಾಣದೆ ಇನ್ನೇನು ಕಾಣುತ್ತದೆ?

ಅವರು ಇಳಿದು ಕೇಸ್ ಬರೆಯುವ ಚೆಕ್ ರಿಪೋರ್ಟ್ ಪುಸ್ತಕ ತೆಗೆದರು. ನಾನೂ ಹಿಂದೆಯೇ ಇಳಿದೆ. "ಹಿಂದಿನ ಕ್ಯಾಮೆರಾ ಆದ್ರೆ ಬಿಡ್ತಿದ್ದೆ. ಮ್ಯಾಪ್ ಆಗಿದ್ರೂ ಬಿಡ್ತಿದ್ದೆ. ಓಡೋ ಗಾಡೀಲಿ ಡ್ರೈವರ್‌ಗೆ ಕಾಣೋ ಹಾಗೆ ವಿಡಿಯೋ ಹಾಕಂಗಿಲ್ಲ."

"ಅವರಿಗೆ ಅಷ್ಟಾಗಿ ಕಾಣಲ್ಲ ಸಾರ್" ಎಂದೆ.

"ಈಗ ನಾನೇ ಕೂತು ನೋಡಿದ್ನಲ್ಲ. ತುಂಬಾ ಚೆನ್ನಾಗಿ ಕಾಣುತ್ತೆ."

ಹೀಗೆ ಸಾಕ್ಷಿಯನ್ನು ನಾನೇ ಮೂರು ಸಲ ಹಾಕಿ ತೋರಿಸಿದ್ದೆ. ಅವರು ಭಾಯಿಯ ಕಡೆ ಕೈ ಚಾಚಿದರು. ಭಾಯ್ ರಬ್ಬರ್ ಬ್ಯಾಂಡ್ ಬಿಚ್ಚಿ, ಮೊದಲ ಕವರ್ ಬಿಚ್ಚಿ, ಎರಡನೆಯದನ್ನು ಬಿಚ್ಚಿ, ಲೈಸೆನ್ಸ್ ಕೊಟ್ಟರು. ಅದನ್ನು ಅಮಾನತು ಮಾಡಲು ಬರೆಯಬೇಕಾಗುತ್ತದೆ, ಮೂರು ತಿಂಗಳು ಲಾರಿ ಮುಟ್ಟುವಂತಿಲ್ಲ ಎಂದು ಇನ್ಸ್‌ಪೆಕ್ಟರ್ ಹೇಳಿದರು. ಕಾಫಿ ಸೀಸನ್ನಿನ ಮೂರು ತಿಂಗಳೇ ಭಾಯಿಯ ವರ್ಷ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

"ವಿಡಿಯೋ ಹಾಕಿದ್ದು ಯಾರು?" ಎಂದು ಕೇಳಿದರು.

ಭಾಯ್ ನನ್ನ ಕಡೆ ನೋಡಲಿಲ್ಲ. ರಸ್ತೆಯನ್ನು ನೋಡುತ್ತ ನಿಂತರು. ಇಡೀ ದಿನ ಮಾಡುವ ಕೆಲಸವನ್ನೇ ಆಗಲೂ ಮಾಡಿದರು.

ನಾನು ಹೇಳಬೇಕಾಗಿದ್ದದ್ದು ಎರಡೇ ಮಾತು. ಆದರೆ ನನ್ನ ತಲೆಯೊಳಗೆ ಆಗಲೇ ಲಾರಿಯ ಪರ್ಮಿಟ್ ರದ್ದಾಗಿತ್ತು, ಇನ್ಶೂರೆನ್ಸಿನವರು ಪತ್ರ ಬರೆದಿದ್ದರು, ಯಸಳೂರು ಬಸ್ ಸ್ಟಾಂಡಿನಲ್ಲಿ ಜನ ನನ್ನ ಬಗ್ಗೆ ಮಾತಾಡಿ ನಗುತ್ತಿದ್ದರು. ಭಾಯ್ ಏನು ಮಾಡುತ್ತಾರೆ ಎಂಬ ಯೋಚನೆಯೂ ಆ ಸಾಲಿನಲ್ಲಿತ್ತು. ಸ್ವಲ್ಪ ಹಿಂದೆ ನಿಂತಿತ್ತು, ಅಷ್ಟೆ.

ಆಗ ಲಾರಿಯೊಳಗಿಂದ ರಿಂಗಾಯಿತು. ಡಿಸ್‌ಪ್ಲೇ ಮೇಲೆ ದೊಡ್ಡ ಅಕ್ಷರದಲ್ಲಿ "ಮನೆ" ಎಂದು ಬಂತು. ಅದೇ ಹೊತ್ತಿಗೆ ನನ್ನ ಅಂಗಿಯ ಜೇಬು ನಡುಗತೊಡಗಿತು. ಇನ್ಸ್‌ಪೆಕ್ಟರ್ ಡಿಸ್‌ಪ್ಲೇ ನೋಡಿದರು, ಫೋನಿಲ್ಲದ ಭಾಯಿಯ ಕೈ ನೋಡಿದರು, ಆಮೇಲೆ ನನ್ನ ಜೇಬು ನೋಡಿದರು. ಮಾತ್ರೆ ತಗೊಂಡ್ರಾ ಎಂದು ಕೇಳಲು ನನ್ನ ಹೆಂಡತಿ ಮಾಡಿದ ಫೋನು.

"ನಾನೇ ಸಾರ್" ಎಂದೆ. "ಹಾಕಿಸಿದ್ದೂ ನಾನೇ, ಹಾಕಿದ್ದೂ ನಾನೇ. ಅವರು ಬೇಡ ಅಂದಿದ್ರು."

"ಅದನ್ನ ಬರೆದು ಸೈನ್ ಮಾಡ್ತೀರಾ?"

ಬರೆದೆ. ಇನ್ಸ್‌ಪೆಕ್ಟರ್ ಅದನ್ನು ಓದಿ ಕೇಸನ್ನು ಮಾಲೀಕನ ಹೆಸರಿಗೆ ಬರೆದರು. ಡಿಸ್‌ಪ್ಲೇ ಇಲ್ಲೇ ಕಿತ್ತರೆ ಲೈಸೆನ್ಸ್ ವಾಪಸ್ಸು ಎಂದರು. ಅವರು ಮಾತು ಮುಗಿಸುವ ಮೊದಲೇ ಭಾಯ್ ಸ್ಕ್ರೂಡ್ರೈವರ್ ಹಿಡಿದು ಹತ್ತಿದ್ದರು. ಅಂಗಡಿಯವನು ಅರ್ಧ ದಿನ ಕೂತು ಹಾಕಿದ್ದನ್ನು ಅವರು ಒಂದು ಬೀಡಿ ಸೇದುವಷ್ಟು ಹೊತ್ತಿನಲ್ಲಿ ಬಿಚ್ಚಿದರು.

ಲಾರಿ ಮತ್ತೆ ಹೊರಟಿತು. ಡಿಸ್‌ಪ್ಲೇ ನನ್ನ ತೊಡೆಯ ಮೇಲೆ. ಪಾಳ್ಯ ದಾಟಿತು. ಮಾತು ನಾನೇ ಶುರು ಮಾಡಿದೆ.

"ನಾನು ಹೇಳೋನೇ ಇದ್ದೆ ಭಾಯ್. ಅಷ್ಟ್ರಲ್ಲಿ ಫೋನ್ ಬಂದ್ಬುಡ್ತು."

"ಹೌದು ಸಾವ್ಕಾರ್ರೆ" ಎಂದರು. ಗೇರ್ ಬದಲಾಯಿಸಿದರು. "ಫೋನ್ಗೆ ಅರ್ಜೆಂಟಿತ್ತು."

ಆಮೇಲೆ ಅವರು ಆ ವಿಷಯ ಎತ್ತಿಲ್ಲ. ಎತ್ತಿದ್ದರೆ ನಾನು ಸಮಜಾಯಿಷಿ ಹೇಳಿ ಮುಗಿಸುತ್ತಿದ್ದೆ. ಡಿಸ್‌ಪ್ಲೇ ಇದ್ದ ಜಾಗದಲ್ಲಿ ಚೌಕಾಕಾರದ ಒಂದು ತೂತು ಹಾಗೇ ಉಳಿದಿದೆ. ಮುಚ್ಚಿಸೋಣವೇ ಎಂದು ಎರಡು ಸಲ ಕೇಳಿದೆ, ಇರಲಿ ಬಿಡಿ ಎಂದರು. ಲೈಸೆನ್ಸ್ ಈಗ ಅವರ ಎದೆಯ ಜೇಬಿನಲ್ಲಿಲ್ಲ. ಕವರಿನ ಸಮೇತ ಅದನ್ನು ಆ ತೂತಿನಲ್ಲಿ ನಿಲ್ಲಿಸಿಟ್ಟಿದ್ದಾರೆ. ಅವರು ರಸ್ತೆ ನೋಡುತ್ತಾರೆ. ನಾನು ಹಾಸನ ಬರುವವರೆಗೂ ಅದನ್ನು ನೋಡುತ್ತ ಕೂತಿರುತ್ತೇನೆ.