ಗೇರಿನ ಕಿವಿ

ದಾದಿ ಸೈಕಲ್ಲು ತಳ್ಳಿಕೊಂಡು ರಿಪೇರಿ ಅಂಗಡಿಗೆ ಬಂದದ್ದು ಆ ವಾರದಲ್ಲಿ ಮೂರನೇ ಸಲ. ಏರುದಾರಿಯ ಮನೆಗಳಲ್ಲಿ ಹಾಸಿಗೆ ಹಿಡಿದವರ ಗಾಯ ತೊಳೆದು ಪಟ್ಟಿ ಕಟ್ಟುವುದು ಅವಳ ಕೆಲಸ.

"ಮಾವ, ಮತ್ತೆ ಅದೇ ರಾಗ. ಹಗುರ ಗೇರಿಗೆ ಹಾಕಿದ್ರೆ ಚೈನು ಚಕ್ರದ ಕಡ್ಡಿಗಳ ಮೇಲೆ ಬೀಳತ್ತೆ. ಇವತ್ತೂ ಆಗದಿದ್ರೆ ಬೇರೆ ಅಂಗಡಿಗೆ ಹೋಗ್ತೀನಿ. ಬೇಜಾರು ಮಾಡ್ಕೋಬೇಡಿ."

ಅವಳು ರೇಗಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅಂಗಡಿಯವನಿಗೆ.

ಬೀದಿಗೆಲ್ಲ ಅವನು ಗೇರ್‌ಮಾವ. ಸೈಕಲ್ಲಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿದರೆ ಸಾಕು, ಹಿಂದಿನ ಗೇರು ನೇತಾಡುವ ಲೋಹದ ಕಿವಿ ಕೂದಲೆಳೆಯಷ್ಟು ಬಾಗಿದ್ದರೂ ಹೇಳಿಬಿಡುತ್ತಿದ್ದ. ಹಿಂದಿನ ಎರಡು ಸಲವೂ ಹಾಗೆಯೇ ನೋಡಿ, ನೆಟ್ಟಗಿದೆ ಎಂದು ಗೇರಿನ ತಂತಿ ಬಿಗಿಮಾಡಿ ಕಳಿಸಿದ್ದ. ಈಗಲೂ ಕೂತ. ಹಲ್ಲುಚಕ್ರಗಳು ಹಾಲು ಬೆರೆತ ನೀರಿನಲ್ಲಿ ಮುಳುಗಿದಂತಿದ್ದವು. ಕಿವಿ ನೆಟ್ಟಗೇ ಕಂಡಿತು. ಕೆಲವು ತಿಂಗಳಿಂದ ಅವನಿಗೆ ಎಲ್ಲವೂ ನೆಟ್ಟಗೇ ಕಾಣುತ್ತಿತ್ತು.

ಮೆಟ್ಟಿಲ ಮೇಲೆ ಕೂತು ಟ್ಯೂಬಿಗೆ ತೇಪೆ ಹಾಕುತ್ತಿದ್ದ ಹೆಂಡತಿ ತಲೆಯೆತ್ತದೆ ಅಂದಳು, "ನಿನ್ನೆ ಅಡುಗೆಮನೆ ಬಾಗಿಲಿಗೆ ಹಣೆ ಹೊಡ್ಕೊಂಡ್ರಲ್ಲ, ಅದೂ ನೆಟ್ಟಗೇ ಇತ್ತು."

ದಾದಿ ನಗಲು ಹೋಗಿ ಅವನ ಮುಖ ನೋಡಿ ಸೈಕಲ್ಲಿನ ಗಂಟೆ ಒರೆಸತೊಡಗಿದಳು.

ತಂತಿ ಹಳೆಯದಾಗಿದೆ ಎಂದು ಸಾಗಹಾಕಬಹುದಿತ್ತು. ಸುಳ್ಳನ್ನು ಎತ್ತಿ ನಿಲ್ಲಿಸುವಷ್ಟು ತ್ರಾಣವೂ ಅವನಲ್ಲಿ ಉಳಿದಿರಲಿಲ್ಲ.

"ಕಣ್ಣು ಮಂಜಾಗಿದೆ ಕಣಮ್ಮ. ಎರಡು ಸಲವೂ ಕಾಣದೇನೇ ಸರಿಯಿದೆ ಅಂದೆ."

ಗೇರನ್ನು ಬಿಚ್ಚಿಟ್ಟ. ಮೂಲೆಯಿಂದ ಹಳೆಯ ಚಕ್ರವೊಂದನ್ನು ತಂದು ಅದರ ಅಚ್ಚನ್ನು ಕಿವಿಯ ತೂತಿಗೆ ತಿರುಪಿದ. ಈಗ ಎರಡು ಚಕ್ರಗಳು ಅಕ್ಕಪಕ್ಕ ನಿಂತವು. ಕಿವಿ ನೆಟ್ಟಗಿದ್ದರೆ ಅವುಗಳ ನಡುವಿನ ಸಂದು ಸುತ್ತಲೂ ಒಂದೇ ಸಮ ಇರಬೇಕು. ಬೆರಳು ತೂರಿಸಿ ನೋಡಿದ. ಮೇಲೆ ನಾಲ್ಕು ಬೆರಳು ಹಿಡಿದವು, ಕೆಳಗೆ ಎರಡೇ.

"ಒಳಕ್ಕೆ ವಾಲಿದೆ."

"ಎಲ್ಲೋ ಬೀಳಿಸಿರ್ಬೇಕು ನೀನು," ಎಂದಳು ಹೆಂಡತಿ.

"ಹೋದ ತಿಂಗಳು, ಗೇಟಿನ ಹತ್ತಿರ. ನಾನೂ ಹೇಳ್ಲಿಲ್ಲ," ಎಂದಳು ದಾದಿ.

ಹಳೆಯ ಚಕ್ರದ ಕೆಳಭಾಗ ಹಿಡಿದು ಹೊರಕ್ಕೆ ಎಳೆದ. ಜೋರು ಮಾಡಿದರೆ ಕಿವಿ ಮುರಿದೇ ಹೋಗುತ್ತದೆ. ಇಷ್ಟಿಷ್ಟೇ ಎಳೆಯುವುದು, ಬಿಡುವುದು, ಬೆರಳಿಟ್ಟು ನೋಡುವುದು. ಮೇಲೆ, ಕೆಳಗೆ, ಹಿಂದೆ, ಮುಂದೆ. ಹಿಂದೆಲ್ಲ ಒಂದು ನೋಟದಲ್ಲಿ ಮುಗಿಯುತ್ತಿದ್ದ ಕೆಲಸ ಅರ್ಧ ಗಂಟೆ ತಿಂದಿತು. ಮಂಡಿಗಳು ಉರಿದವು. ಕೊನೆಗೆ ಸುತ್ತಲೂ ಮೂರು ಬೆರಳು.

ಗೇರು ಜೋಡಿಸಿ ಪೆಡಲು ತಿರುಗಿಸಿದ. ಚೈನು ಹಗುರ ಗೇರಿನ ದೊಡ್ಡ ಹಲ್ಲುಚಕ್ರಕ್ಕೆ ಹತ್ತಿ, ಗೊಣಗದೆ ಅಲ್ಲೇ ನಿಂತಿತು.

ದಾದಿ ಹೋದ ಮೇಲೂ ಅವನು ಏಳಲಿಲ್ಲ.

"ಅಂಚೆಯವನ ಸೈಕಲ್ಲಿಗೂ ನೆಟ್ಟಗಿದೆ ಅಂದಿದ್ದೆ," ಎಂದ. "ಟೀಚರಮ್ಮನದಕ್ಕೂ. ಎಲ್ಲರನ್ನೂ ವಾಪಸ್ ಕರೀಬೇಕು."

"ಕರೆಯೋಣ. ನನಗೂ ಬೆರಳಿವೆ," ಎಂದು ಹೆಂಡತಿ ಅವನ ತೋಳಿಗೆ ಕೈಕೊಟ್ಟಳು. "ಮೊದಲು ಎದ್ದು ಊಟ ಮಾಡಿ."