ಬೋರಕ್ಕನ ಏಳು ವರ್ಷ

ಬೋರಕ್ಕನ ಕತೆ ಹೇಳ್ಬೇಕಂದ್ರೆ ಮೊದ್ಲು ನನ್ನ ಸೊಕ್ಕಿನ ಕತೆ ಹೇಳ್ಬೇಕು. ಬ್ಯಾರೆ ದಾರಿ ಇಲ್ಲ.

ಮೊಳಕಾಲ್ಮೂರು ಬಸ್‌ಸ್ಟ್ಯಾಂಡ್ ಹಿಂದೆ ನಂದೊಂದು ಆನ್‌ಲೈನ್ ಅಂಗಡಿ ಐತೆ. ಅರ್ಧ ಅಂಗಡೀಲಿ ನಮ್ಮ ಅಬ್ಬಾ ಮೌಲಾ ಸಾಬ್ ಬೋರ್‌ವೆಲ್ ಮೋಟಾರ್ ಬಿಚ್ಕೊಂಡು ಕೂತಿರ್ತಾರೆ. ಇನ್ನರ್ಧದಾಗೆ ನಾನು, ಎರಡು ಕಂಪ್ಯೂಟರ್ರು, ಒಂದು ಜೆರಾಕ್ಸ್ ಮಿಷನ್ನು. ಸಿಇಟಿ ರಿಸಲ್ಟ್ ಬಂತಂದ್ರೆ ಸಾಕು, ಮಕ್ಳು, ಅವ್ರಪ್ಪ, ಅವ್ರವ್ವ, ಸೋದರಮಾವ, ಎಲ್ಲಾ ನನ್ನ ಮುಂದೆ ಸಾಲು. "ಕೌಸರಮ್ಮ, ಇಷ್ಟು ರ‍್ಯಾಂಕಿಗೆ ಸರ್ಕಾರಿ ಸೀಟು ಸಿಗ್ತೈತಾ?" ಅಂತ ಒಂದೇ ಪ್ರಶ್ನೆ. ನಾನು ರ‍್ಯಾಂಕ್ ನೋಡ್ತೀನಿ, ಜಾತಿ ಸರ್ಟಿಫಿಕೇಟ್ ನೋಡ್ತೀನಿ, ಹೋದ ಮೂರು ವರ್ಷ ಯಾವ ಕಾಲೇಜಿಗೆ ಕೊನೇ ಸೀಟು ಯಾವ ರ‍್ಯಾಂಕಿಗೆ ಹೋಯ್ತು ಅನ್ನೋ ಪಟ್ಟಿ ನೋಡ್ತೀನಿ. ಆಮೇಲೆ ಸಿಗ್ತೈತೆ ಇಲ್ಲಾಂದ್ರೆ ಸಿಗಲ್ಲ, ಎರಡರಾಗೆ ಒಂದು ಹೇಳ್ತೀನಿ. ನೋಡೋಣ, ದೇವ್ರು ದೊಡ್ಡೋನು ಅನ್ನೋ ಮಾತು ನನ್ನತ್ರ ಇಲ್ಲ. ಒಂಬತ್ತು ವರ್ಷದಾಗೆ ನಾನು ಹೇಳಿದ್ದು ತಪ್ಪಾಗಿದ್ದು ಕಮ್ಮಿ. ಚಳ್ಳಕೆರೆಯಿಂದಾನೂ ಬಸ್ಸು ಹತ್ತಿ ಬರ್ತಾರೆ ಅಂದ್ರೆ ಲೆಕ್ಕ ಹಾಕ್ಕೊಳ್ಳಿ. ಅಬ್ಬಾ ಮಾತ್ರ ಪಾನಾ ಹಿಡ್ಕೊಂಡು ಗೊಣಗ್ತಾರೆ, "ಬೇಟಿ, ಮೋಟಾರ್ ಬಿಚ್ಚದೆ ರೋಗ ಹೇಳ್ಬಾರ್ದು." ನಾನು ಕೇಳಿದ್ರೆ ತಾನೆ!

ಈ ವರ್ಷ ಯರ್ರಪ್ಪಣ್ಣ ಬಂದ. ರಾಯದುರ್ಗದ ರಸ್ತೇಲಿ, ಗಡಿಗೆ ಅಂಟ್ಕೊಂಡಂಗೆ ಇರೋ ಹಳ್ಳಿಯೋನು, ನಲವತ್ತು ಕುರಿ, ಒಂದಿಷ್ಟು ಶೇಂಗಾ ಹೊಲ. ಆಧಾರ್ರು, ರೇಷನ್ ಕಾರ್ಡು ಅಂತ ಮೊದ್ಲಿಂದಾನೂ ಆ ಮನೆಯೋರೆಲ್ಲಾ ನನ್ನತ್ರಾನೇ ಬರೋರು. ಜತೇಲಿ ಮಗಳು ಸೌಂದರ್ಯ, ಹಿಂದೆ ಹೆಂಡ್ತಿ ಬೋರಕ್ಕ. ಕುರ್ಚಿ ಕೊಟ್ರೆ ಬೋರಕ್ಕ ಕೂರ್ಲಿಲ್ಲ, ಬಾಗ್ಲತ್ರ ನೆಲದ ಮೇಲೆ ಕುಂತ್ಲು. ತವರು ಬಿ.ಜಿ. ಕೆರೆ ಅಂತ ಅವತ್ತೇ ಗೊತ್ತಾಗಿದ್ದು, ಅದೂ ಅಬ್ಬಾ ಕೇಳಿದ್ದಕ್ಕೆ. ಅದೊಂದು ಬಿಟ್ರೆ ಅವಳ ಬಾಯಿಂದ ನಾನು ಒಂದು ಮಾತು ಕೇಳ್ಲಿಲ್ಲ. ಆಕೆ ಅಲ್ಲಿ ಅದಾಳೆ ಅನ್ನೋದೂ ಮರ್ತೋಗಿತ್ತು ನನಗೆ.

ಸೌಂದರ್ಯಗೆ ಪಶು ಡಾಕ್ಟ್ರು ಆಗ್ಬೇಕಂತೆ. "ನಮ್ಮೂರಾಗೆ ಕುರಿಗೆ ಕಾಯಿಲೆ ಬಂದ್ರೆ ಡಾಕ್ಟ್ರು ಬರೋದು ಕುರಿ ಸತ್ತ ಮೇಲೆ ಅಕ್ಕ," ಅಂದ್ಲು. ರ‍್ಯಾಂಕ್ ನೋಡಿದೆ. ಹೋದ ವರ್ಷದ ಕೊನೇ ರ‍್ಯಾಂಕಿಗಿಂತ ಇನ್ನೂರು ಮುಂದೆ ಇದ್ಲು! ಕನ್ನಡ ಮಾಧ್ಯಮ ಇಲ್ಲ, ಗ್ರಾಮೀಣ ಇಲ್ಲ, ಯಾವ ಕೋಟಾನೂ ಬೇಡ. "ಯರ್ರಪ್ಪಣ್ಣ, ಸರ್ಕಾರಿ ಪಶುವೈದ್ಯಕೀಯ ಕಾಲೇಜು, ಸೀಟು ಗ್ಯಾರಂಟಿ. ಬರ್ಕೊಡ್ಲಾ?" ಅಂದೆ. ಆ ಮನುಷ್ಯ ಟವಲ್ ಬಾಯಿಗೆ ಇಟ್ಕೊಂಡು ಅತ್ತ. ಸೊಸೈಟಿ ಹತ್ರ ಲಾಡು ತಂದು ಹಂಚಿದ. ನಾನೂ ತಿಂದೆ, ನಾಚಿಕೆ ಇಲ್ದೆ ಎರಡು ತಿಂದೆ.

ಹದಿನೈದು ದಿನ ಆದ ಮೇಲೆ ಚಿತ್ರದುರ್ಗದಾಗೆ ದಾಖಲೆ ಪರಿಶೀಲನೆ ಇತ್ತು. ಮಧ್ಯಾಹ್ನ ಫೋನ್ ಬಂತು. ಸೌಂದರ್ಯ ಅಳ್ತಾ ಅದಾಳೆ, ಮಾತೇ ಬರ್ತಿಲ್ಲ. "ಅಕ್ಕ... ನಾನು ಕರ್ನಾಟಕದೋಳು ಅಲ್ವಂತೆ."

"ಏನ್ ಹುಚ್ಚು ಹಿಡಿದೈತಾ ಅವ್ರಿಗೆ? ಫೋನ್ ಕೊಡು ಅವ್ರಿಗೆ!" ಅಂದೆ. ಫೋನ್ ತಗೊಂಡ ಆಫೀಸರು ಪಾಪ ಸಮಾಧಾನದಿಂದಾನೇ ಹೇಳಿದ್ರು. "ನೋಡಮ್ಮ, ರಾಜ್ಯದ ಸರ್ಕಾರಿ ಸೀಟು ಬೇಕಂದ್ರೆ ಹನ್ನೆರಡು ವರ್ಷದ ಓದಿನಾಗೆ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಈ ಹುಡುಗಿ ಒಂದರಿಂದ ಆರನೇ ಕ್ಲಾಸು ರಾಯದುರ್ಗದ ತೆಲುಗು ಶಾಲೆ. ಏಳನೇ ಕ್ಲಾಸಿಂದ ಪಿಯುಸಿವರೆಗೆ ಮೊಳಕಾಲ್ಮೂರು. ಆರೇ ವರ್ಷ ಆಯ್ತು. ಒಂದು ವರ್ಷ ಕಮ್ಮಿ."

ಯಾ ಅಲ್ಲಾ!

ಅರ್ಜಿ ತುಂಬಿದೋಳು ನಾನೇ. ಏಳು ವರ್ಷ ಇಲ್ಲೇ ಓದಿದೀಯಾ ಅನ್ನೋ ಕಡೆ ಕೇಳದೇನೇ ಹೌದು ಅಂತ ಒತ್ತಿದೋಳೂ ನಾನೇ. ಸೌಂದರ್ಯಾನ ಚಿಕ್ಕೋಳಿದ್ದಾಗ ಅವಳತ್ತೆ ಸಾಕ್ಕೊಂಡಿದ್ಲು, ರಾಯದುರ್ಗದಾಗೆ ಇದ್ಲು ಅನ್ನೋದು ನನಗೆ ಗೊತ್ತಿಲ್ದೇ ಇರ್ಲಿಲ್ಲ. ಗೊತ್ತಿತ್ತು! ಆದ್ರೆ ರಾಯದುರ್ಗ ಅಂದ್ರೆ ನಮಗೆ ಬ್ಯಾರೆ ರಾಜ್ಯ ಅಂತ ಯಾವತ್ತಾದ್ರೂ ಅನ್ಸೈತಾ? ಹಲ್ಲು ಕೀಳ್ಸೋಕೆ ರಾಯದುರ್ಗ, ಜೀನ್ಸ್ ಪ್ಯಾಂಟ್ ತರೋಕೆ ರಾಯದುರ್ಗ, ಹೆಣ್ಣು ತರೋಕೆ, ಹೆಣ್ಣು ಕೊಡೋಕೆ ರಾಯದುರ್ಗ. ನಮ್ಮ ಖಾಲಾನ್ನೇ, ಅಂದ್ರೆ ಚಿಕ್ಕಮ್ಮನ್ನೇ, ಅಲ್ಲಿಗೆ ಕೊಟ್ಟೈತೆ. ಚಿತ್ರದುರ್ಗ ನಮಗೆ ದೂರ, ರಾಯದುರ್ಗ ಪಕ್ಕದ ಬೀದಿ. ಬ್ಯಾರೆ ಊರಿನ ಯಾವ ಸೈಬರ್ ಅಂಗಡಿಯೋನು ಆಗಿದ್ರೂ 'ಆಂಧ್ರ' ಅಂತ ತಕ್ಷಣ ಹಿಡೀತಿದ್ದ. ನಾನು ಈ ಊರೋಳು, ನನ್ನ ಕಣ್ಣಿಗೆ ಗಡಿನೇ ಬೀಳ್ಲಿಲ್ಲ. ಒಂಬತ್ತು ವರ್ಷದ ಸೊಕ್ಕು ಒಂದು ಫೋನಿಗೆ ಮಣ್ಣಾಗೋಯ್ತು.

"ಇನ್ನೊಂದು ನಿಯಮ ಐತಮ್ಮ, ಓದಿ ನೋಡ್ರಿ," ಅಂದ್ರು ಆಫೀಸರು. "ನಾಳೆ ಸಂಜೆ ಐದರೊಳಗೆ ಕಾಗದ ತಂದ್ರೆ ತಗೊಳ್ತೀನಿ. ಆಮೇಲೆ ನನ್ನ ಕೈಲಿಲ್ಲ."

ಅವ್ರು ಮೂರೂ ಜನ ವಾಪಸ್ ಬಂದಾಗ ಸಂಜೆ ಆರು ಗಂಟೆ. ಸೌಂದರ್ಯ ಕಣ್ಣು ಊದಿಸ್ಕೊಂಡಿದ್ಲು. ಯರ್ರಪ್ಪಣ್ಣ ನನ್ನ ಬೈತಾನೆ ಅಂತ ಕಾಯ್ತಿದ್ದೆ. ಬೈಯ್ಲಿಲ್ಲ, ಅದೇ ಜಾಸ್ತಿ ಚುಚ್ತು. ನಾನು ಆ ನಿಯಮದ ಹಾಳೆ ಪ್ರಿಂಟ್ ತಗ್ದು, ಗಡಿಬಿಡೀಲಿ ಕಣ್ಣಾಡ್ಸಿ ಹೇಳ್ದೆ, "ಹುಡುಗಿ ಪಿಯುಸಿ ಎರಡೂ ವರ್ಷ ಇಲ್ಲೇ ಓದಿದ್ರೆ ಸಾಕಂತೆ. ಆದ್ರೆ ತಂದೆ ಕರ್ನಾಟಕದಾಗೆ ಏಳು ವರ್ಷ ಓದಿರ್ಬೇಕು. ಯರ್ರಪ್ಪಣ್ಣ, ನೀನೆಷ್ಟು ಓದಿದೀಯಾ?"

ಅವನು ತಲೆ ತಗ್ಗಿಸ್ದ. "ನಾಕನೇ ಕ್ಲಾಸು. ಅದೂ ತೆಲುಗು ಶಾಲೇಲಿ, ರಾಯದುರ್ಗದ ಕಡೆ. ಕನ್ನಡ ಓದೋಕೂ ಬರಲ್ಲ ನನಗೆ."

ಮುಗೀತಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ ಅಂತಾರಲ್ಲ, ಆ ತುತ್ತನ್ನ ಕೈಯಿಂದ ತಟ್ಟಿ ಕೆಡವಿದೋಳು ನಾನು. ಯರ್ರಪ್ಪಣ್ಣ ಗೋಡೆಗೆ ತಲೆ ಚಚ್ಕೊಂಡ. "ನಾನು ಈ ಕಡೆ ಏಳು ವರ್ಷ ಓದಿದ್ದಿದ್ರೆ ನನ್ನ ಮಗಳು ಡಾಕ್ಟ್ರು ಆಗ್ತಿದ್ಲಲ್ಲಮ್ಮ," ಅಂತ ಗೋಳಾಡ್ದ. ಅಬ್ಬಾ ಪಾನಾ ಕೆಳಗಿಟ್ಟು ಅವನ ಹೆಗಲು ಹಿಡ್ಕೊಂಡ್ರು.

ಆಗ ಬಾಗ್ಲತ್ರ ಕುಂತಿದ್ದ ಬೋರಕ್ಕ ಎದ್ಲು. ಸೆರಗಿನಾಗೆ ಕೈ ಒರೆಸ್ಕೊಂಡು ಬಂದು ನನ್ನ ಮೇಜಿನ ಮೇಲಿದ್ದ ಹಾಳೆ ತಗೊಂಡ್ಲು. ಹರೀತಾಳೇನೋ ಅಂತ ಹೆದ್ರಿಕೆ ಆಯ್ತು ನನಗೆ. ಹಾಳೇನ ಬೆಳಕಿಗೆ ಹಿಡಿದು, ಬೆರಳಿಟ್ಟು, ಒಂದೇ ಒಂದು ಅಕ್ಷರಕ್ಕೂ ತಡವರಿಸ್ದೆ ಓದಿದ್ಲು.

"'ತಂದೆ ಅಥವಾ ತಾಯಿ ಕರ್ನಾಟಕ ರಾಜ್ಯದಲ್ಲಿ ಕನಿಷ್ಠ ಏಳು ವರ್ಷ ವ್ಯಾಸಂಗ ಮಾಡಿರತಕ್ಕದ್ದು.' ಅಥವಾ ತಾಯಿ ಅಂತ ಐತಲ್ಲ ಕೌಸರಮ್ಮ. ಅದ್ಯಾಕೆ ಬಿಟ್ರಿ?"

ಸೌಂದರ್ಯ ಅಂತೂ ದೆವ್ವ ನೋಡ್ದೋಳ ಥರ ಅವ್ವನ ಮುಖಾನೇ ನೋಡ್ತಾ ನಿಂತ್ಬಿಟ್ಲು. ಆಧಾರ್‌ನಾಗೆ, ರೇಷನ್ ಕಾರ್ಡಿನಾಗೆ, ಸಂಘದ ಪುಸ್ತಕದಾಗೆ ಎಲ್ಲಾ ಕಡೆ ಬೋರಕ್ಕಂದು ಹೆಬ್ಬೆಟ್ಟು. ನಾನೇ ಎಷ್ಟು ಸಲ ಅವಳ ಬೆರಳು ಹಿಡಿದು ಒತ್ತಿಸಿದೀನಿ!

"ಏ ಬೋರಿ," ಅಂದ ಯರ್ರಪ್ಪಣ್ಣ. "ನಿನಗೆ ಓದೋಕೆ ಬರ್ತೈತಾ?"

"ಏಳನೇ ಕ್ಲಾಸು ಪಾಸು," ಅಂದ್ಲು ಬೋರಕ್ಕ. "ಬಿ.ಜಿ. ಕೆರೆ ಸ್ಕೂಲಾಗೆ. ಪೂರಾ ಏಳು ವರ್ಷ."

ಆಮೇಲೆ ಹೇಳಿದ್ಲು. ಮೆತ್ತಗೆ ಹೇಳಿದ್ಲು, ಅಳ್ಲಿಲ್ಲ. ಹೆಣ್ಣು ನೋಡೋಕೆ ಯರ್ರಪ್ಪಣ್ಣನ ಕಡೆಯೋರು ಬಂದಾಗ ಹುಡುಗಂದು ನಾಕನೇ ಕ್ಲಾಸು ಅಂತ ಗೊತ್ತಾಯ್ತಂತೆ. ಹೆಣ್ಣು ಗಂಡಿಗಿಂತ ಜಾಸ್ತಿ ಓದಿದ್ರೆ ಸಂಬಂಧ ಮುರಿದು ಬೀಳ್ತಿದ್ದ ಕಾಲ. ಅವಳಪ್ಪ ಚಿಕ್ಕೀರಪ್ಪ ಎದ್ದು ನಿಂತು, "ನನ್ನ ಮಗಳು ಸ್ಕೂಲ್ ಮೆಟ್ಲು ಹತ್ತಿಲ್ಲ, ಕುರಿ ಕಾಯೋದು ಬಿಟ್ರೆ ಏನೂ ಗೊತ್ತಿಲ್ಲ," ಅಂದ್ಬಿಟ್ನಂತೆ. ಒಳಗೆ ಬಂದು ಮಗಳ ಕೈ ತಗೊಂಡು ತನ್ನ ತಲೆ ಮೇಲೆ ಇಟ್ಕೊಂಡು ಆಣೆ ಹಾಕ್ಸಿದ್ನಂತೆ, ಸಾಯೋವರೆಗೂ ಹೇಳ್ಬಾರ್ದು ಅಂತ. ಇಪ್ಪತ್ತೊಂದು ವರ್ಷ ಆಯ್ತು ಮದುವೆ ಆಗಿ. ಅಪ್ಪ ಸತ್ತು ಆರು ವರ್ಷ ಆದ್ರೂ ಬೋರಕ್ಕ ಆಣೆ ಮುರೀಲಿಲ್ಲ. "ಹೇಳಿ ಏನಾಗ್ಬೇಕಿತ್ತು? ಇವತ್ತು ಮಗಳ ಬಾಳು," ಅಂದ್ಲು.

ಯರ್ರಪ್ಪಣ್ಣನಿಗೆ ಸಿಟ್ಟು ಬಂತೋ, ದುಃಖ ಬಂತೋ, ಎರಡೂ ಒಟ್ಟಿಗೆ ಬಂತೋ. "ಪಹಣಿ ಓದ್ಸೋಕೆ ಊರೆಲ್ಲಾ ಅಲೀತಿದ್ನಲ್ಲೇ! ಮಗಳಿಗೆ ಜ್ವರ ಬಂದಾಗ ಔಷಧಿ ಚೀಟಿ ಹಿಡ್ಕೊಂಡು ಓದು ಬರೋ ಗಾದ್ರಪ್ಪನ ಮನೆಗೆ ಓಡಿದ್ನಲ್ಲೇ, ಯಾವ ಬಾಟ್ಲಿ ಎಷ್ಟು ಅಂತ ಕೇಳೋಕೆ!"

"ನೀವು ವಾಪಸ್ ಬರೋಷ್ಟರಾಗೆ ನಾನು ಬಾಟ್ಲಿ ಮೇಲಿಂದು ಓದ್ಕೊಂಡು ಕುಡಿಸಿರ್ತಿದ್ದೆ," ಅಂದ್ಲು ಬೋರಕ್ಕ. "ನೀವು ಬಂದ ಮೇಲೆ ಬರೀ ನೀರು ಕುಡಿಸ್ತಿದ್ದೆ."

ತೋಬಾ ತೋಬಾ! ನನಗೆ ನಗು ಬಂದು ಅರ್ಧದಾಗೇ ಅಳು ಆಯ್ತು. ಸೌಂದರ್ಯ ಅವ್ವನ ತೋಳು ಹಿಡ್ಕೊಂಡು ಅಲ್ಲಾಡ್ಸಿದ್ಲು. "ಅವ್ವ, ಪದ್ಯ ತಪ್ಪು ಓದಿದಾಗ ಒಲೆ ಮುಂದೆ ಕುಂತು ನಗ್ತಿದ್ದಿಯಲ್ಲ, ಅದಕ್ಕಾ?" ಬೋರಕ್ಕ ಹೌದು ಅನ್ನೋ ಹಂಗೆ ತಲೆ ಆಡ್ಸಿದ್ಲು.

ಆದ್ರೆ ಬಾಯಿ ಮಾತು ಸರ್ಕಾರಕ್ಕೆ ಸಾಲಲ್ಲ. ಬೆಳಗ್ಗೆ ಮೊದಲ್ನೇ ಬಸ್ಸಿಗೆ ನಾವು ನಾಲ್ಕೂ ಜನ ಬಿ.ಜಿ. ಕೆರೆಗೆ ಹೋದ್ವಿ. ಅಂಗಡಿ ಅಬ್ಬಾಗೆ ಬಿಟ್ಟು ನಾನೂ ಹೋದೆ. ತಪ್ಪು ನಂದು, ತೀರಿಸ್ಬೇಕಾದೋಳೂ ನಾನೇ. ಹೆಡ್‌ಮಾಸ್ಟರ್ ಜಂಬುಲಿಂಗಪ್ಪನೋರು ಬೀರು ತೆಗೆದು ಹಳೇ ದಾಖಲಾತಿ ಪುಸ್ತಕ ಹುಡುಕಿದ್ರು. ಒಂದು ಪುಸ್ತಕಕ್ಕೆ ಗೆದ್ದಲು ಹಿಡಿದಿತ್ತು. ಅದು ಬ್ಯಾರೆ ವರ್ಷದ್ದು, ಪುಣ್ಯ. ಇನ್ನೊಂದ್ರಾಗೆ ಸಿಕ್ತು, ಬೋರಮ್ಮ, ತಂದೆ ಚಿಕ್ಕೀರಪ್ಪ. ಒಂದನೇ ಕ್ಲಾಸಿಗೆ ಸೇರಿದ್ದು, ಏಳನೇ ಕ್ಲಾಸು ಪಾಸಾಗಿ ಬಿಟ್ಟಿದ್ದು, ನಡುವೆ ಒಂದು ವರ್ಷಾನೂ ತಪ್ಪಿಲ್ಲ.

ಜಂಬುಲಿಂಗಪ್ಪನೋರು ಆ ವರ್ಷದ ಫಲಿತಾಂಶದ ಹಾಳೇನೂ ತೆಗೆದ್ರು. ನೋಡಿ ಕನ್ನಡಕ ಮೇಲೆತ್ತಿದ್ರು. "ಏನಮ್ಮಾ, ಇಡೀ ಕ್ಲಾಸಿಗೆ ನೀನೇ ಫಸ್ಟ್ ಅಲ್ವೇನಮ್ಮಾ! ಗಣಿತದಾಗೆ ನೂರಕ್ಕೆ ತೊಂಬತ್ತಾರು. ಹೈಸ್ಕೂಲ್ ಇಲ್ಲೇ ಇತ್ತಲ್ಲ, ಯಾಕೆ ಬಿಟ್ಟೆ?"

"ಕುರಿ ಇದ್ವು ಸಾ," ಅಂದ್ಲು ಬೋರಕ್ಕ. ಅಷ್ಟೇ.

ಯರ್ರಪ್ಪಣ್ಣ ಆ ಪುಸ್ತಕಾನ ಬಗ್ಗಿ ನೋಡ್ದ. ಅವನಿಗೆ ಆ ಅಕ್ಷರ ಓದೋಕೆ ಬರಲ್ಲ. "ಇದ್ರಾಗೆ ನಿನ್ನ ಹೆಸ್ರು ಯಾವ್ದು, ತೋರ್ಸು," ಅಂದ. ಅವಳು ಬೆರಳಿಟ್ಟು ತೋರ್ಸಿದ್ಲು. ಅವನು ತುಂಬಾ ಹೊತ್ತು ನೋಡ್ದ.

ಸರ್ಟಿಫಿಕೇಟ್ ಬರೆಸ್ಕೊಂಡು, ಮೊಳಕಾಲ್ಮೂರಿಗೆ ವಾಪಸ್ ಬಂದು ಬಿಇಒ ಆಫೀಸಿನಾಗೆ ಸಹಿ ಹಾಕಿಸ್ಕೊಂಡು, ಮತ್ತೆ ಚಳ್ಳಕೆರೆ ಮೇಲೆ ಚಿತ್ರದುರ್ಗಕ್ಕೆ ಮುಟ್ಟೋಷ್ಟರಾಗೆ ನಾಲ್ಕೂವರೆ. ದಾರಿ ಉದ್ದಕ್ಕೂ ನಾನು ಡ್ರೈವರಿಗೆ ಬೈದಿದ್ದೇ ಬೈದಿದ್ದು. ಆಫೀಸರು ಕಾಗದ ನೋಡಿದ್ರು, ತಿರುಗಿಸಿ ನೋಡಿದ್ರು, ಸೀಲು ನೋಡಿದ್ರು, ಬೋರಕ್ಕನ ಮುಖ ನೋಡಿದ್ರು. "ತಾಯಿ ನೀವೇನಾ? ಇಲ್ಲಿ ಸಹಿ ಮಾಡಿ," ಅಂದ್ರು. ಮಾಡಿದ್ಲು. ಕಂಪ್ಯೂಟರಿನಾಗೆ ಏನೋ ಒತ್ತಿ, "ಆಯ್ತಮ್ಮ. ಹುಡುಗಿ ಅರ್ಹಳು," ಅಂದ್ರು.

ಸೌಂದರ್ಯ ಅಲ್ಲೇ ಕುಸಿದು ಕುಂತು ಅತ್ಲು. ನಾನೂ ಅತ್ತೆ, ಯಾಕೆ ಸುಳ್ಳು ಹೇಳ್ಲಿ. ಯರ್ರಪ್ಪಣ್ಣ ಕೈ ಮುಗಿದ, ಯಾರಿಗೆ ಅಂತ ಗೊತ್ತಾಗ್ಲಿಲ್ಲ.

ಹೊರಗೆ ಬಂದು ಹೋಟ್ಲಾಗೆ ಚಹಾ ಕುಡಿಯೋಕೆ ಕುಂತ್ವಿ. ಅಪ್ಪ ಮಗಳು ಕೈ ತೊಳೆಯೋಕೆ ಹೋದ್ರು. ಬೋರಕ್ಕ ಈ ಸಲ ಕುರ್ಚಿ ಮೇಲೇ ಕುಂತಿದ್ಲು. ನಾನು ಸುಮ್ನಿರ್ಲಾರ್ದೆ ಬಾಯಿ ಬಿಟ್ಟೆ, "ನನ್ನ ಕ್ಷಮಿಸ್ಬಿಡು ಬೋರಕ್ಕ, ನನ್ನಿಂದ ಎಂಥಾ ಅನಾಹುತ ಆಗ್ತಿತ್ತು."

ಅವಳು ಅದನ್ನ ಕೇಳಿಸ್ಕೊಂಡಂಗೇ ಕಾಣ್ಲಿಲ್ಲ. ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದ್ಲು, "ಕೌಸರಮ್ಮ, ನೀವು ಎಲ್ಲಾ ಮಕ್ಳಿಗೂ ಹೇಳ್ತೀರಲ್ಲ. ಸ್ಕೂಲಾಗೆ ನನ್ನ ನಂಬರೂ ನೋಡಿದ್ರಿ. ಬಿಡಿಸ್ದೆ ಓದ್ಸಿದ್ರೆ ನನಗೂ ಸೀಟು ಸಿಗ್ತಿತ್ತಾ?"

ಒಂಬತ್ತು ವರ್ಷದಾಗೆ ನನ್ನ ಮುಂದೆ ಯಾರೂ ಇಂಥಾ ಪ್ರಶ್ನೆ ಇಟ್ಟಿರ್ಲಿಲ್ಲ. ಲೋಟ ಕೆಳಗಿಟ್ಟೆ.

"ಸಿಗ್ತಿತ್ತು ಬೋರಕ್ಕ. ಸರ್ಕಾರಿ ಸೀಟೇ ಸಿಗ್ತಿತ್ತು."

"ನಾನೂ ಹಂಗೇ ಅನ್ಕೊಂಡಿದ್ದೆ," ಅಂದ್ಲು.