ಬಾಲ ಬಿಟ್ಟರೂ ನೊಣ ಬಿಡದ ಹಾವುರಾಣಿ

ಅತ್ತೆಯ ಪೊರಕೆ ಏಟು ಬಿದ್ದದ್ದೇ ತಡ, ಹಾವುರಾಣಿ ಗೋಡೆಯ ಬಿರುಕಿಗೆ ನುಗ್ಗಿತು. ಅದರ ಬಾಲ ಮಾತ್ರ ನಮ್ಮ ರೇಷ್ಮೆ ಹುಳು ಮನೆಯ ನೆಲದ ಮೇಲೆ ಒದ್ದಾಡುತ್ತ ಉಳಿಯಿತು.

"ಹುಳ ತಿನ್ನಕ್ಕೆ ಬಂದಿತ್ತು ಕಣವ್ವ. ಬುಟ್ರೆ ಎಲ್ಲಾ ಖಾಲಿ ಮಾಡ್ಬುಡದು" ಎಂದರು ಅತ್ತೆ. ಹುಳುಗಳು ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಹಸಿದು ಸೊಪ್ಪು ಮೇಯುವ ಹೊತ್ತು ಅದು. ಆಗ ಒಂದು ಇರುವೆ ಕಂಡರೂ ಅವರಿಗೆ ಅನ್ನ ಸೇರುವುದಿಲ್ಲ.

ಬಾಲದ ಒದ್ದಾಟ ನೋಡಲಾಗದೆ ನಾನು ಮೊಬೈಲ್ ಲೈಟ್ ಹಾಕಿ ಬಿರುಕಿನೊಳಗೆ ಇಣುಕಿದೆ. ಕಂಚಿನಂತೆ ಹೊಳೆಯುವ ಮೈ ಏದುಸಿರು ಬಿಡುತ್ತಿತ್ತು. ಬಾಯಲ್ಲಿದ್ದದ್ದು ನಮ್ಮ ಹುಳುವಲ್ಲ, ಊಜಿ ನೊಣ. ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಬೆಳೆಯನ್ನೇ ಹಾಳು ಮಾಡುವ ಆ ನೊಣ ಒಳಗೆ ಬಾರದಿರಲೆಂದೇ ನಾವು ಕಿಟಕಿಗೆಲ್ಲ ಪರದೆ ಕಟ್ಟಿದ್ದೆವು. ಬಾಲ ಕಳೆದುಕೊಂಡರೂ ಹಾವುರಾಣಿ ನೊಣವನ್ನು ಬಿಟ್ಟಿರಲಿಲ್ಲ.

ಅತ್ತೆಯೂ ಬಗ್ಗಿ ನೋಡಿದರು. ಆಮೇಲೆ, "ನಮ್ ಕೆಲ್ಸಾನೇ ಮಾಡ್ತಿತ್ತಲ್ಲ. ನಾನು ಒಸಿ ನೋಡಿ ಹೊಡೀಬೇಕಿತ್ತು" ಎಂದು ಪೊರಕೆಯನ್ನು ಹೊರಗಿಟ್ಟು ಬಂದರು.

ರೇಷ್ಮೆ ಗೂಡು ಬಿಡಿಸಿ ಮಾರಿದ ಮೇಲೂ ಹಾವುರಾಣಿ ನಮ್ಮಲ್ಲೇ ಇದೆ. ಬೆಳಗ್ಗೆ ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತದೆ. ಮೊಂಡಾದ ಕಡೆ ಮಾಸಲು ಬಣ್ಣದ ಹೊಸ ಬಾಲ ಚಿಗುರುತ್ತಿದೆ. ನಮ್ಮನ್ನು ಕಂಡರೆ ಅಷ್ಟಾಗಿ ಹೆದರುವುದಿಲ್ಲ, ಪೊರಕೆ ಕಂಡರೆ ಓಡುತ್ತದೆ. ಅದಕ್ಕೇ ಅತ್ತೆ ಈಗ ಬಿಸಿಲು ಬೀಳುವ ಮೊದಲೇ ಮೆಟ್ಟಿಲು ಗುಡಿಸಿ, ಪೊರಕೆಯನ್ನು ಬಾಗಿಲ ಹಿಂದೆ ಬಚ್ಚಿಡುತ್ತಾರೆ.